ಶ್ವಾಸಕೋಶದ ಕ್ಯಾನ್ಸರಿಗೆ ಜೋಡಿ ಔಷಧಿಯ ಕಿಮೊ: ಒಂದು ದಿನ ಆಸ್ಪತ್ರೆಯದು, ಇಪ್ಪತ್ತು ದಿನ ಮನೆಯದು

"ಆಪರೇಷನ್ ಮಾಡುವ ಹಂತ ದಾಟಿದೆ, ಕಿಮೊ ಶುರು ಮಾಡೋಣ" ಎಂದು ವೈದ್ಯರು ಹೇಳಿದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಕುಟುಂಬಗಳು ನಮ್ಮ ಡೇ ಕೇರ್ ವಾರ್ಡಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಎರಡು ಔಷಧಿ ಏಕೆ? ಎಷ್ಟು ಸಲ ಬರಬೇಕು? ಬೆಂಗಳೂರಿಗೇ ಹೋಗಬೇಕೆ? ಮನೆಗೆ ಕರೆದುಕೊಂಡು ಹೋದ ಮೇಲೆ ಏನು ನೋಡಿಕೊಳ್ಳಬೇಕು? ಈ ಲೇಖನದಲ್ಲಿ ಕೊನೆಯ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಈ ಚಿಕಿತ್ಸೆ ಸಾಮಾನ್ಯವಾಗಿ 21 ದಿನಗಳ ಸುತ್ತುಗಳಲ್ಲಿ ನಡೆಯುತ್ತದೆ. ಬಹುತೇಕ ಸಂದರ್ಭಗಳಲ್ಲಿ ಔಷಧಿ ಏರಿಸುವುದು ಒಂದೇ ದಿನ, ಉಳಿದ ಇಪ್ಪತ್ತು ದಿನ ರೋಗಿ ಮನೆಯಲ್ಲೇ ಇರುತ್ತಾರೆ. ದೊಡ್ಡ ಅನಾಹುತಗಳು ಆಗುವುದು ಆ ಇಪ್ಪತ್ತು ದಿನಗಳಲ್ಲಿ, ಅವುಗಳಲ್ಲಿ ಹೆಚ್ಚಿನವನ್ನು ತಡೆಯಬಲ್ಲವರು ಮನೆಯವರೇ.

ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ಕ್ಯಾನ್ಸರ್ ತಜ್ಞರು ಮಾತ್ರ ನಿರ್ಧರಿಸಬೇಕು. ಇಲ್ಲಿ ಬರೆದಿರುವುದು ಅವರ ಮಾತನ್ನು ಅರ್ಥಮಾಡಿಕೊಂಡು ಪಾಲಿಸಲು ನೆರವಾಗಲಿ ಎಂದಷ್ಟೇ.

ಮೊದಲು, ಎರಡು ಔಷಧಿ ಏಕೆ ಎಂಬುದು

ಕಿಮೊ ಎಂದರೆ ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನು ಕೊಲ್ಲುವ ಔಷಧಿ. ಒಂದೇ ಔಷಧಿ ಕೊಟ್ಟರೆ ಅದಕ್ಕೆ ಜಗ್ಗದ ಕೋಶಗಳು ಬೇಗ ತಲೆಯೆತ್ತುತ್ತವೆ. ಆದ್ದರಿಂದ ಬೇರೆ ಬೇರೆ ರೀತಿಯಲ್ಲಿ ಹೊಡೆಯುವ, ಅಡ್ಡಪರಿಣಾಮಗಳೂ ಒಂದರ ಮೇಲೊಂದು ಪೂರ್ತಿ ಬೀಳದ ಎರಡು ಔಷಧಿಗಳನ್ನು ಜೋಡಿಸುತ್ತಾರೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಈ ಜೋಡಿಯ ಒಂದು ಕೈ ಪ್ಲಾಟಿನಂ ಲೋಹದಿಂದ ತಯಾರಾದ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್. ಇನ್ನೊಂದು ಕೈ ಪೆಮೆಟ್ರೆಕ್ಸೆಡ್, ಪ್ಯಾಕ್ಲಿಟ್ಯಾಕ್ಸೆಲ್, ಜೆಮ್‌ಸಿಟಾಬಿನ್, ಡೋಸಿಟ್ಯಾಕ್ಸೆಲ್ ಅಥವಾ ಎಟೊಪೊಸೈಡ್‌ಗಳಲ್ಲಿ ಒಂದು. ನಿಮ್ಮ ರೋಗಿಗೆ ಕೊಡುತ್ತಿರುವ ಎರಡೂ ಔಷಧಿಗಳ ಹೆಸರನ್ನು ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದು, ಮನೆಯವರೆಲ್ಲರ ಫೋನಿನಲ್ಲಿ ಅದರ ಫೋಟೊ ಇಟ್ಟುಕೊಳ್ಳಿ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ನಿಮಗೆ ಯಾವುದು ಅನ್ವಯಿಸುತ್ತದೆ ಎಂಬುದು ಆ ಎರಡು ಹೆಸರುಗಳಿಂದಲೇ ಗೊತ್ತಾಗುತ್ತದೆ.

1. ಕಿಮೊಗೆ ಮುಂಚೆ ಮೂರು ವರದಿಗಳು

ಮೊದಲನೆಯದು ಬಯಾಪ್ಸಿ, ಅಂದರೆ ಗಡ್ಡೆಯ ಸಣ್ಣ ಚೂರನ್ನು ತೆಗೆದು ಮಾಡುವ ಪರೀಕ್ಷೆಯ ವರದಿ. ಅದರಲ್ಲಿ 'ಸ್ಮಾಲ್ ಸೆಲ್' ಎಂದಿದೆಯೋ, 'ನಾನ್ ಸ್ಮಾಲ್ ಸೆಲ್' ಎಂದಿದೆಯೋ ನೋಡಿ. ನೂರರಲ್ಲಿ ಸುಮಾರು 85 ರೋಗಿಗಳದು ಎರಡನೆಯ ಬಗೆ. ಅದರಲ್ಲೂ 'ಅಡಿನೊಕಾರ್ಸಿನೋಮ' ಮತ್ತು 'ಸ್ಕ್ವೇಮಸ್' ಎಂಬ ಭೇದಗಳಿವೆ. ಈ ಭೇದ ಬಹಳ ಮುಖ್ಯ: ಪೆಮೆಟ್ರೆಕ್ಸೆಡ್ ಅಡಿನೊಕಾರ್ಸಿನೋಮಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಸ್ಕ್ವೇಮಸ್ ಬಗೆಗೆ ಅದನ್ನು ಬಳಸುವುದಿಲ್ಲ. ಸ್ಮಾಲ್ ಸೆಲ್ ಆಗಿದ್ದರೆ ಎಟೊಪೊಸೈಡ್ ಜೊತೆಗೆ ಪ್ಲಾಟಿನಂ ಕೊಡುವುದು ವಾಡಿಕೆ. ಅದನ್ನು ಸತತ ಮೂರು ದಿನ ಏರಿಸುತ್ತಾರೆ.

ಎರಡನೆಯದು ಸ್ಕ್ಯಾನ್. ಎದೆ ಮತ್ತು ಹೊಟ್ಟೆಯ ಮೇಲ್ಭಾಗದ ಸಿಟಿ ಅಥವಾ ಪೆಟ್ ಸಿಟಿ, ಅಗತ್ಯವಿದ್ದರೆ ಮೆದುಳಿನ ಎಂಆರ್‌ಐ. ಕಾಯಿಲೆ ಎಲ್ಲೆಲ್ಲಿ ಹರಡಿದೆ ಎಂಬುದರ ಆರಂಭದ ಲೆಕ್ಕ ಇದು. ಮುಂದೆ ಕಿಮೊ ಫಲ ಕೊಟ್ಟಿತೋ ಇಲ್ಲವೋ ಎಂದು ಅಳೆಯುವುದು ಇದಕ್ಕೆ ಹೋಲಿಸಿಯೇ.

ಮೂರನೆಯದು ಜೀನ್ ಪರೀಕ್ಷೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ. ಬಯಾಪ್ಸಿಯ ಅದೇ ಚೂರಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್-1 ಎಂಬ ಬದಲಾವಣೆಗಳಿವೆಯೇ ಎಂದು ನೋಡುತ್ತಾರೆ. ಇದ್ದರೆ ಬಾಯಿಯಿಂದ ನುಂಗುವ ಗುರಿಚಿಕಿತ್ಸೆಯ ಮಾತ್ರೆಗಳು ಕಿಮೊಗಿಂತ ಚೆನ್ನಾಗಿ ಕೆಲಸ ಮಾಡಬಹುದು. ಇಜಿಎಫ್‌ಆರ್ ಬದಲಾವಣೆ ಇದ್ದವರಿಗೆ ಜೆಫಿಟಿನಿಬ್ ಮಾತ್ರೆಯ ಜೊತೆಗೆ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೋಪ್ಲಾಟಿನ್ ಸೇರಿಸಿ ಕೊಟ್ಟರೆ ಏನಾಗುತ್ತದೆ ಎಂದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಮಾತ್ರೆ ಒಂದೇ ತೆಗೆದುಕೊಂಡವರಲ್ಲಿ ಕಾಯಿಲೆ ಸರಾಸರಿ 8 ತಿಂಗಳು ಹತೋಟಿಯಲ್ಲಿದ್ದರೆ, ಎರಡನ್ನೂ ಪಡೆದವರಲ್ಲಿ 16 ತಿಂಗಳು ಹತೋಟಿಯಲ್ಲಿತ್ತು, ಅಡ್ಡಪರಿಣಾಮಗಳೂ ಹೆಚ್ಚಾಗಿದ್ದವು. ನಮ್ಮ ದೇಶದ ರೋಗಿಗಳ ಮೇಲೆಯೇ ನಡೆದ ಅಧ್ಯಯನ ಇದಾದ್ದರಿಂದ, "ಜೀನ್ ಪರೀಕ್ಷೆ ಮಾಡಿಸಿದ್ದೀರಾ?" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಅದಕ್ಕೆ 'ಬ್ಲಾಕ್' ಎನ್ನುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ಆ ಬ್ಲಾಕನ್ನು ಲ್ಯಾಬಿನಿಂದ ಕೇಳಿ ಪಡೆಯುವ ಹಕ್ಕು ನಿಮಗಿದೆ. ಅದಿಲ್ಲದೆ ಹೋದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಾದೀತು.

ಇನ್ನೊಂದು ಎಚ್ಚರಿಕೆ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಕ್ಷಯದಲ್ಲೂ ಇರುತ್ತವೆ, ಈ ಕ್ಯಾನ್ಸರಿನಲ್ಲೂ ಇರುತ್ತವೆ. ಕಫದಲ್ಲಿ ಕ್ಷಯದ ರೋಗಾಣು ಸಿಗದೆಯೂ ಬರೀ ಎಕ್ಸ್‌ರೇ ನೋಡಿ ಟಿಬಿ ಮಾತ್ರೆ ಆರಂಭಿಸಿ, ತಿಂಗಳುಗಳ ನಂತರ ಕ್ಯಾನ್ಸರ್ ಎಂದು ಗೊತ್ತಾದವರನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಬೀಡಿ ಸೇದುವವರು, ಕಲ್ಲು ಮತ್ತು ಗಣಿಯ ದೂಳಿನಲ್ಲಿ ದುಡಿದವರು ಟಿಬಿ ಮಾತ್ರೆ ತೆಗೆದುಕೊಂಡು ಕೆಲವು ವಾರಗಳಾದರೂ ಸುಧಾರಿಸದಿದ್ದರೆ ಸಿಟಿ ಸ್ಕ್ಯಾನ್ ಮಾಡಿಸಲು ಕೇಳಲೇಬೇಕು. ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ದೃಢಪಟ್ಟ ಸಂಗತಿ. ಬೀಡಿಯನ್ನೇ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ ಎಂಬುದನ್ನೂ ಮರೆಯಬೇಡಿ.

2. ಎಲ್ಲಿ ಮಾಡಿಸುವುದು, ಹಣಕ್ಕೇನು ದಾರಿ

ಯಾವ ಜೋಡಿ, ಎಷ್ಟು ಸುತ್ತು ಎಂದು ನಿರ್ಧರಿಸಲು ಒಮ್ಮೆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಡ್ರಿಪ್ ಏರಿಸಿಕೊಳ್ಳುವುದನ್ನು ಊರಿಗೆ ಹತ್ತಿರದಲ್ಲಿ ಮಾಡಿಸುವುದು ನನ್ನ ಅನುಭವದಲ್ಲಿ ಒಳ್ಳೆಯ ದಾರಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಕಲಬುರಗಿಯಲ್ಲಿರುವ ಅದರ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ನಮ್ಮ ಭಾಗದವರು ಹೆಚ್ಚಾಗಿ ಹೋಗುವ ಕಡೆಗಳು. ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ 2025ರಲ್ಲಿ ಡೇ ಕೇರ್ ಕಿಮೊ ಕೇಂದ್ರಗಳು ಆರಂಭವಾಗಿವೆ. ಬೆಳಿಗ್ಗೆ ಸೇರಿ ಔಷಧಿ ಏರಿಸಿಕೊಂಡು ಸಂಜೆ ಮನೆಗೆ ಹೋಗುವ ವ್ಯವಸ್ಥೆ ಇದು. ನಿಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ಮೀರದಂತೆ, ಸರ್ಕಾರ ಭರಿಸುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಬೇಕು. ಹಣ ಕಟ್ಟಿ ಚಿಕಿತ್ಸೆ ಶುರುವಾದ ಮೇಲೆ ಪತ್ರ ತರಲು ಓಡಾಡುವುದು ಜನ ಮಾಡುವ ದೊಡ್ಡ ತಪ್ಪು. ಹತ್ತಿರವೆಂದು ರಾಯಚೂರಿನಿಂದ ಹೈದರಾಬಾದಿಗೆ ಹೋಗುವವರು, ನಮ್ಮ ರಾಜ್ಯದ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ಖಚಿತಪಡಿಸಿಕೊಳ್ಳಿ.

ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ ಇದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುವ ಕೊಪ್ಪಳ, ಬಳ್ಳಾರಿಯ ಎಷ್ಟೋ ಕುಟುಂಬಗಳಿಗೆ ಇದು ಗೊತ್ತೇ ಇರುವುದಿಲ್ಲ. ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಸಹಿ, ಮೊಹರು ಹಾಕಿಕೊಟ್ಟ ಪ್ರಮಾಣಪತ್ರ ಬೇಕು. ಟಿಕೆಟನ್ನು ನಿಲ್ದಾಣದ ಕೌಂಟರಿನಲ್ಲಿ ತೆಗೆಸಬೇಕು.

3. ವೈದ್ಯರ ಮುಂದೆ ಕೂತು ಕೇಳಬೇಕಾದ ಮಾತು

"ಗುಣವಾಗುತ್ತಾರಾ?" ಎಂದು ಎಲ್ಲರೂ ಕೇಳುತ್ತಾರೆ. ನಾಲ್ಕನೇ ಹಂತದಲ್ಲಿ, ಅಂದರೆ ಮೂಳೆ, ಯಕೃತ್ತು, ಮೆದುಳು ಅಥವಾ ಶ್ವಾಸಕೋಶದ ಸುತ್ತಲಿನ ನೀರಿಗೆ ಕಾಯಿಲೆ ಹರಡಿದಾಗ, ಕಿಮೊದ ಗುರಿ ಬೇರುಸಹಿತ ಗುಣಪಡಿಸುವುದಲ್ಲ. ಆಯುಷ್ಯವನ್ನು ಹೆಚ್ಚಿಸುವುದು, ಕೆಮ್ಮು, ಉಬ್ಬಸ, ನೋವುಗಳನ್ನು ತಗ್ಗಿಸುವುದು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2008ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಬರೀ ಆರೈಕೆ ಪಡೆದ 100 ಜನರಲ್ಲಿ ಒಂದು ವರ್ಷದ ನಂತರ 20 ಜನ ಬದುಕಿದ್ದರೆ, ಕಿಮೊವನ್ನೂ ಪಡೆದವರಲ್ಲಿ 29 ಜನ ಬದುಕಿದ್ದರು. ಇತ್ತೀಚೆಗೆ ಕಿಮೊ ಜೊತೆಗೆ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಇಮ್ಯುನೊಥೆರಪಿ ಸೇರಿಸಿದಾಗ ಫಲ ಇನ್ನೂ ಹೆಚ್ಚಿದೆ, ಆದರೆ ಅದರ ಬೆಲೆ ಬಹುತೇಕ ಮನೆಗಳ ಕೈಗೆ ಎಟುಕುವಂತಿಲ್ಲ. ಹೊಲ ಮಾರುವ, ಬಡ್ಡಿಗೆ ಸಾಲ ತರುವ ನಿರ್ಧಾರ ಮಾಡುವ ಮುನ್ನ "ಇದರಿಂದ ನಮ್ಮ ರೋಗಿಗೆ ಎಷ್ಟು ಲಾಭ?" ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ರೋಗಿಯ ಮೇಲೆ ಪ್ರೀತಿ ಕಡಿಮೆ ಎಂದು ಯಾರೂ ತಿಳಿಯುವುದಿಲ್ಲ.

ರೋಗಿಯ ಶಕ್ತಿ ಎಷ್ಟಿದೆ ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಿ. ತಮ್ಮ ಕೆಲಸ ತಾವೇ ಮಾಡಿಕೊಂಡು, ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಎದ್ದು ಓಡಾಡುವವರು ಜೋಡಿ ಔಷಧಿಯನ್ನು ತಡೆದುಕೊಳ್ಳುತ್ತಾರೆ. ಸದಾ ಹಾಸಿಗೆಯಲ್ಲಿರುವವರಿಗೆ ಅದೇ ಔಷಧಿ ಲಾಭಕ್ಕಿಂತ ಹಾನಿ ಮಾಡಬಹುದು. ಸ್ಮಾಲ್ ಸೆಲ್ ಬಗೆಯಲ್ಲಿ ಮಾತ್ರ, ಔಷಧಿಗೆ ಗಡ್ಡೆ ಬೇಗ ಕರಗುವುದರಿಂದ, ವೈದ್ಯರು ಇದಕ್ಕೆ ಹೊರತಾದ ನಿರ್ಧಾರ ತೆಗೆದುಕೊಳ್ಳುವುದುಂಟು. ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ: ರೋಗಿಗೆ ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟು ಕಿಮೊ ಕೊಡಿಸಬೇಡಿ. ಜ್ವರ ಬಂದಾಗ ಬಾಯಿ ಬಿಟ್ಟು ಹೇಳಬೇಕಾದವರು ಅವರೇ.

4. ಡ್ರಿಪ್‌ಗೆ ಒಂದು ವಾರ ಮುಂಚೆ

ಪೆಮೆಟ್ರೆಕ್ಸೆಡ್ ಪಡೆಯುವವರು ಫೋಲಿಕ್ ಆಸಿಡ್ ಮಾತ್ರೆಯನ್ನು ಮೊದಲ ಡ್ರಿಪ್‌ಗೆ ಐದರಿಂದ ಏಳು ದಿನ ಮುಂಚೆಯೇ ಆರಂಭಿಸಿ, ದಿನವೂ ತೆಗೆದುಕೊಳ್ಳುತ್ತಾ, ಕೊನೆಯ ಡ್ರಿಪ್ ಆದ ಮೇಲೂ ಮೂರು ವಾರ ಮುಂದುವರಿಸಬೇಕು. ಬಿ-12 ಚುಚ್ಚುಮದ್ದನ್ನು ಒಂದು ವಾರ ಮುಂಚೆ ಒಮ್ಮೆ, ನಂತರ ಒಂಬತ್ತು ವಾರಕ್ಕೊಮ್ಮೆ ಕೊಡುತ್ತಾರೆ. ಇವು ಬರೀ ಶಕ್ತಿಯ ಮಾತ್ರೆಗಳೆಂದು ಬಿಟ್ಟುಬಿಟ್ಟರೆ ರಕ್ತಕಣಗಳು ಪಾತಾಳಕ್ಕಿಳಿಯುತ್ತವೆ, ಬಾಯಿ ತುಂಬ ಹುಣ್ಣಾಗುತ್ತದೆ. ಡ್ರಿಪ್‌ನ ಹಿಂದಿನ ದಿನ, ಆ ದಿನ ಮತ್ತು ಮರುದಿನ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಇರುತ್ತದೆ. ಚರ್ಮದ ಮೇಲೆ ಗಂದೆ ಏಳದಂತೆ ಅದು ತಡೆಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಆ ಮೂರು ದಿನ ಸಕ್ಕರೆ ಏರುತ್ತದೆ, ಆದ್ದರಿಂದ ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣವನ್ನು ಮೊದಲೇ ಕೇಳಿಕೊಳ್ಳಿ.

ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗುವುದನ್ನು ಈಗಿನಿಂದಲೇ ಬಿಡಿ. ಮೂತ್ರಪಿಂಡಕ್ಕೆ ಸಿಸ್‌ಪ್ಲಾಟಿನ್ ಒಂದೇ ಸಾಕಷ್ಟು ಭಾರ. ನಾಟಿ ಔಷಧಿ, ಅಮೃತಬಳ್ಳಿಯ ರಸ ಕೂಡ ಬೇಡ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ.

5. ಔಷಧಿ ಏರಿಸುವ ದಿನ

ಬರಿಹೊಟ್ಟೆಯಲ್ಲಿ ಬರಬೇಡಿ, ಬೆಳಿಗ್ಗೆ ಹಗುರವಾಗಿ ತಿಂದು ಬನ್ನಿ. ಸಡಿಲ ತೋಳಿನ ಅಂಗಿ ಹಾಕಿಸಿ. ಸಿಸ್‌ಪ್ಲಾಟಿನ್ ಇದ್ದರೆ ಮುಂಚೆ ಮತ್ತು ನಂತರ ಸೆಲೈನ್ ಏರಿಸುವುದರಿಂದ ಇಡೀ ದಿನ ಹಿಡಿಯುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಸುಮಾರು ಮೂರು ಗಂಟೆ ಹೋಗುತ್ತದೆ. ಮೊದಲ ಕೆಲವು ನಿಮಿಷಗಳಲ್ಲಿ ಮುಖ ಕೆಂಪಾಗುವುದು, ಎದೆ ಬಿಗಿಯುವುದು, ಉಸಿರು ಕಟ್ಟುವುದು ಕಂಡರೆ ತಕ್ಷಣ ನರ್ಸನ್ನು ಕೂಗಿ ಕರೆಯಿರಿ. ಸೂಜಿ ಹಾಕಿದ ಜಾಗದಲ್ಲಿ ಉರಿ ಅಥವಾ ಊತ ಶುರುವಾದರೆ "ಸಹಿಸಿಕೊಳ್ಳುತ್ತೇನೆ" ಎಂದು ಸುಮ್ಮನಿರುವುದು ನಮ್ಮ ಹಿರಿಯರ ಸ್ವಭಾವ. ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮವೇ ಸುಟ್ಟುಹೋಗಬಹುದು, ಆಗ ತಾಳ್ಮೆಯಿಂದ ಏನೂ ಪ್ರಯೋಜನವಿಲ್ಲ.

ಜೆಮ್‌ಸಿಟಾಬಿನ್ ಇದ್ದವರು ಎಂಟನೇ ದಿನ ಮತ್ತೊಮ್ಮೆ ಬರಬೇಕು. ಹೊರಡುವ ಮುನ್ನ ರಾತ್ರಿ ಫೋನ್ ಮಾಡಬಹುದಾದ ನಂಬರು ಬರೆಸಿಕೊಳ್ಳಿ.

6. ಮೊದಲ ಐದು ದಿನ: ವಾಂತಿ ಮತ್ತು ನೀರು

ವಾಂತಿ ನಿಲ್ಲಿಸುವ ಮಾತ್ರೆಗಳನ್ನು ವಾಂತಿ ಬಂದ ಮೇಲೆ ನುಂಗುವುದಲ್ಲ, ಬರುವ ಮುನ್ನವೇ ಬರೆದುಕೊಟ್ಟ ದಿನಗಳಷ್ಟೂ ತಪ್ಪದೆ ತೆಗೆದುಕೊಳ್ಳಬೇಕು. ಸಿಸ್‌ಪ್ಲಾಟಿನ್‌ನ ವಾಕರಿಕೆ ಎರಡನೇ, ಮೂರನೇ ದಿನ ಮತ್ತೆ ಏಳುತ್ತದೆ. ಚೀಟಿಯಲ್ಲಿ ಒಲಾಂಜಪಿನ್ ಎಂಬ ಮಾತ್ರೆ ಇದ್ದರೆ, ಅದನ್ನು ಮಾನಸಿಕ ಕಾಯಿಲೆಗೂ ಬಳಸುತ್ತಾರೆ ಎಂದು ಯಾರೋ ಹೇಳಿದ ಮಾತು ಕೇಳಿ ನಿಲ್ಲಿಸಬೇಡಿ. ಕಡಿಮೆ ಬೆಲೆಯ, ಬಹಳ ಒಳ್ಳೆಯ ವಾಂತಿನಿರೋಧಕ ಅದು. ಅದರಿಂದ ನಿದ್ದೆ ಬರುವುದರಿಂದ ರಾತ್ರಿ ಕೊಡಿ. ಈ ದಿನಗಳಲ್ಲಿ ಮಲಬದ್ಧತೆಯೂ ಆಗುತ್ತದೆ, ಅದಕ್ಕೂ ಔಷಧಿ ಕೇಳಿ ಇಟ್ಟುಕೊಳ್ಳಿ.

ಏಪ್ರಿಲ್, ಮೇ ತಿಂಗಳ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಸಿಸ್‌ಪ್ಲಾಟಿನ್ ಪಡೆದವರು ಒಂದೇ ದಿನ ನೀರು ಬಿಟ್ಟರೂ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ. ಹೃದಯದ ತೊಂದರೆಯಿಂದ ವೈದ್ಯರು ನೀರು ಮಿತಿಗೊಳಿಸಿರದಿದ್ದರೆ ದಿನಕ್ಕೆ ಎರಡರಿಂದ ಮೂರು ಲೀಟರ್ ದ್ರವ ಹೋಗಬೇಕು. ಒಂದೇ ಸಲ ಚೊಂಬುಗಟ್ಟಲೆ ಕುಡಿಸಿದರೆ ವಾಂತಿಯಾಗುತ್ತದೆ. ಗಂಟೆಗೊಂದು ಲೋಟದಂತೆ ಕಾಯಿಸಿ ಆರಿಸಿದ ನೀರು, ತೆಳ್ಳಗಿನ ಅಂಬಲಿ, ಮನೆಯಲ್ಲೇ ಆಗ ತಾನೇ ಕಡೆದ ಮಜ್ಜಿಗೆ ಕೊಡಿ. ಮೂತ್ರ ಗಾಢ ಹಳದಿಯಾದರೆ, ಅಥವಾ ಒಂದು ದಿನ ಪೂರ್ತಿ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಸೆಲೈನ್ ಏರಿಸಲು ಆಸ್ಪತ್ರೆಗೆ ಕರೆತನ್ನಿ.

ಮೊದಲ ಎರಡು ದಿನ ರೋಗಿಯ ಮೂತ್ರ, ವಾಂತಿಗಳಲ್ಲಿ ಔಷಧಿಯ ಅಂಶ ಇರುತ್ತದೆ. ಬಳಿಯುವವರು ಕೈಗವಸು ಹಾಕಿಕೊಳ್ಳಲಿ, ಶೌಚಾಲಯಕ್ಕೆ ಎರಡು ಸಲ ನೀರು ಹಾಕಿ. ಬಸುರಿಯರಿಂದ ಈ ಕೆಲಸ ಮಾಡಿಸಬೇಡಿ. ಆದರೆ ಮೊಮ್ಮಕ್ಕಳು ಅಜ್ಜನ ಪಕ್ಕ ಕೂರುವುದರಿಂದ, ಮುಟ್ಟುವುದರಿಂದ ಏನೂ ಆಗುವುದಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲ.

7. ಏಳರಿಂದ ಹದಿನಾಲ್ಕನೇ ದಿನ: ಜ್ವರ ಎಂದರೆ ಓಡಬೇಕು

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಈ ದಿನಗಳಲ್ಲಿ ತೀರಾ ಕೆಳಗಿಳಿಯುತ್ತವೆ. ಆಗ ಬರುವ ಜ್ವರ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ನಂಜು ಹರಡಿ ಪ್ರಾಣ ತೆಗೆಯಬಹುದು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಕೈಯಿಂದ ಹಣೆ ಮುಟ್ಟಿ ನೋಡಿದ್ದು ಲೆಕ್ಕಕ್ಕಿಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಬಂದರೆ, ಇಲ್ಲವೇ ಜ್ವರವಿಲ್ಲದೆಯೂ ಚಳಿ ನಡುಕ ಬಂದರೆ, ಹಗಲು ರಾತ್ರಿ ನೋಡದೆ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಅಲ್ಲಿ ಹೇಳಬೇಕಾದ ಮೊದಲ ವಾಕ್ಯ ಇದು: "ಇವರಿಗೆ ಇಂಥ ದಿನ ಕಿಮೊ ಆಗಿದೆ, ಈಗ ಜ್ವರ ಬಂದಿದೆ." ನರದ ಮೂಲಕ ಆ್ಯಂಟಿಬಯಾಟಿಕ್ ಒಂದು ಗಂಟೆಯೊಳಗೆ ಆರಂಭವಾಗಬೇಕು.

ಸಿಂಧನೂರು ಕಡೆಯ ಒಬ್ಬ ರೈತರಿಗೆ ಹತ್ತನೇ ದಿನ ರಾತ್ರಿ ಒಂಬತ್ತಕ್ಕೆ ಜ್ವರ ಬಂತು. ಮನೆಯವರು ಪ್ಯಾರಸಿಟಮಾಲ್ ಕೊಟ್ಟರು, ಜ್ವರ ಇಳಿಯಿತು, ಬೆಳಿಗ್ಗೆ ನೋಡೋಣ ಎಂದು ಮಲಗಿದರು. ಬೆಳಿಗ್ಗೆ ಕರೆತಂದಾಗ ಕೈಕಾಲು ತಣ್ಣಗಾಗಿ ಬಿಪಿ ಸಿಗುತ್ತಿರಲಿಲ್ಲ. ಅವರು ಬದುಕಿದರು, ಆದರೆ ಒಂಬತ್ತು ದಿನ ಐಸಿಯುನಲ್ಲಿ ಕಳೆಯಬೇಕಾಯಿತು. ಜ್ವರದ ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕನ್ನು ತಡೆಯುವುದಿಲ್ಲ. ಊರಿನ ಡಾಕ್ಟರ ಹತ್ತಿರ ಸೊಂಟಕ್ಕೆ ಇಂಜೆಕ್ಷನ್ ಮಾಡಿಸುವುದೂ ಬೇಡ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಿದ್ದರೆ, ಕಾರ್ಬೋಪ್ಲಾಟಿನ್‌ನಲ್ಲಿ ಇದು ಸಾಮಾನ್ಯ, ಚುಚ್ಚಿದ ಜಾಗದಲ್ಲೇ ರಕ್ತ ಕಟ್ಟಿಕೊಳ್ಳುತ್ತದೆ.

ಈ ವಾರ ಸಂತೆ, ಮದುವೆ, ಗವಿಮಠದ ಜಾತ್ರೆಯಂಥ ಜನಜಂಗುಳಿಯಿಂದ ದೂರವಿರಲಿ. ನೋಡಲು ಬರುವ ನೆಂಟರಲ್ಲಿ ನೆಗಡಿ, ಕೆಮ್ಮು ಇರುವವರನ್ನು ಬಾಗಿಲಲ್ಲೇ ನಯವಾಗಿ ತಡೆಯಿರಿ. ಊಟ ಬಿಸಿಯಾಗಿರಲಿ, ಹಣ್ಣು ಮನೆಯಲ್ಲೇ ತೊಳೆದು ಸಿಪ್ಪೆ ಸುಲಿದದ್ದಾಗಿರಲಿ. ಮೊಟ್ಟೆ, ಬೇಳೆ ನಿಲ್ಲಿಸಿ ಪಥ್ಯ ಮಾಡಿಸುವುದರಿಂದ ರೋಗಿ ಸೊರಗುತ್ತಾರೆಯೇ ಹೊರತು ಲಾಭವಿಲ್ಲ.

8. ಬಾಯಿ, ಬೆರಳು, ಕೂದಲು

ಬಾಯಿ ಹುಣ್ಣಿಗೆ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಬೇಕು. ಕೆಂಪು ಚಟ್ನಿ, ಮಿರ್ಚಿ ಆ ದಿನಗಳಲ್ಲಿ ಬೇಡ. ರೊಟ್ಟಿ ನುಂಗಲಾಗದಿದ್ದರೆ ಹಾಲಿನಲ್ಲೋ ಬೇಳೆ ಕಟ್ಟಿನಲ್ಲೋ ನೆನೆಸಿ ಕೊಡಿ.

ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್‌ಗಳಿಂದ ಬೆರಳ ತುದಿ, ಪಾದಗಳು ಜೋಮು ಹಿಡಿಯುತ್ತವೆ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ತಾಯಿ, ಮೂರನೇ ಸುತ್ತಿನ ಹೊತ್ತಿಗೆ, ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಎಂದಿನಂತೆ ಕೈಯಿಂದಲೇ ತಿರುವಿಹಾಕಿದ್ದರು. ಬಿಸಿ ತಗುಲಿದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಮೂರು ಬೆರಳ ತುದಿಯಲ್ಲಿ ಎದ್ದಿದ್ದ ಬೊಕ್ಕೆಗಳನ್ನು ಸಂಜೆ ಸೊಸೆ ನೋಡಿ ಕರೆತಂದರು. ಅಂಗಿಯ ಗುಂಡಿ ಹಾಕಲು ತಡಕಾಡುವುದು, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದಿರುವುದು ಮೊದಲ ಸೂಚನೆಗಳು. ಅವನ್ನು ಮುಂದಿನ ಭೇಟಿಯಲ್ಲೇ ಹೇಳಿದರೆ ಔಷಧಿಯ ಪ್ರಮಾಣ ತಗ್ಗಿಸುತ್ತಾರೆ ಅಥವಾ ಬದಲಿಸುತ್ತಾರೆ. ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಸಿಸ್‌ಪ್ಲಾಟಿನ್‌ನ ಲಕ್ಷಣ, ಅದನ್ನೂ ಹೇಳಿ. ಕೂದಲು ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಪೂರ್ತಿ ಉದುರುತ್ತದೆ, ಪೆಮೆಟ್ರೆಕ್ಸೆಡ್‌ನಲ್ಲಿ ಅಷ್ಟಾಗಿ ಉದುರುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬರುತ್ತದೆ.

9. ಮುಂದಿನ ಸುತ್ತು ಮತ್ತು ಸ್ಕ್ಯಾನ್

ಪ್ರತಿ ಸುತ್ತಿಗೂ ಮುಂಚೆ ರಕ್ತಪರೀಕ್ಷೆ ಆಗಲೇಬೇಕು. ಸಾಮಾನ್ಯವಾಗಿ ನ್ಯೂಟ್ರೋಫಿಲ್ 1500, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಮೇಲಿದ್ದು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಸರಿಯಿದ್ದರೆ ಮುಂದುವರಿಸುತ್ತಾರೆ. ಡ್ರಿಪ್‌ನ ಹಿಂದಿನ ದಿನ ನಿಮ್ಮ ತಾಲ್ಲೂಕಿನಲ್ಲೇ ಪರೀಕ್ಷೆ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳಿಸಿದರೆ, ಕುಷ್ಟಗಿಯಿಂದಲೋ ಲಿಂಗಸುಗೂರಿನಿಂದಲೋ ಬಂದು "ಇವತ್ತು ಆಗುವುದಿಲ್ಲ" ಎನ್ನಿಸಿಕೊಂಡು ಹಿಂದಿರುಗುವುದು ತಪ್ಪುತ್ತದೆ. ರಕ್ತಕಣ ಕಡಿಮೆಯಿದ್ದು ಒಂದು ವಾರ ಮುಂದೂಡಿದರೆ ಗಾಬರಿ ಬೇಡ. ಆದರೆ ಹತ್ತಿ ಬಿಡಿಸುವ ಕೆಲಸವಿದೆ, ಹಬ್ಬವಿದೆ ಎಂದು ನೀವಾಗಿಯೇ ಮುಂದೂಡಬೇಡಿ.

ಎರಡು ಅಥವಾ ಮೂರು ಸುತ್ತುಗಳಾದ ಮೇಲೆ ಮತ್ತೆ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಗಡ್ಡೆ ಕುಗ್ಗಿದ್ದರೆ ಅಥವಾ ಹಾಗೆಯೇ ನಿಂತಿದ್ದರೆ ಅದು ಒಳ್ಳೆಯ ಸುದ್ದಿ. ಒಟ್ಟು ನಾಲ್ಕರಿಂದ ಆರು ಸುತ್ತು ಮುಗಿಸುತ್ತಾರೆ. ಅಡಿನೊಕಾರ್ಸಿನೋಮ ಇರುವವರಿಗೆ ನಂತರ ಪೆಮೆಟ್ರೆಕ್ಸೆಡ್ ಒಂದನ್ನೇ ಮುಂದುವರಿಸುವುದುಂಟು. ಗಡ್ಡೆ ಬೆಳೆದಿದ್ದರೆ ಅದೇ ಜೋಡಿಯನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲ, ಔಷಧಿ ಬದಲಿಸಬೇಕು.

ದಿನ ನೋಡದೆ ಬರಬೇಕಾದ ಇನ್ನು ಕೆಲವು ಲಕ್ಷಣಗಳಿವೆ: ಕೆಮ್ಮಿದಾಗ ಬಾಯಿ ತುಂಬ ರಕ್ತ, ಮುಖ ಮತ್ತು ಕುತ್ತಿಗೆ ಊದಿಕೊಂಡು ನರಗಳು ಉಬ್ಬುವುದು, ಹಠಾತ್ ಉಸಿರುಕಟ್ಟುವುದು, ಬೆನ್ನುನೋವಿನ ಜೊತೆಗೆ ಕಾಲುಗಳ ಬಲ ಕುಂದುವುದು ಅಥವಾ ಮೂತ್ರ ಕಟ್ಟುವುದು, ಫಿಟ್ಸ್. ಕಾಲಿನ ಬಲ ಕುಂದುವುದನ್ನು ನಿಶ್ಶಕ್ತಿ ಎಂದು ತಿಳಿದು ಎರಡು ದಿನ ತಡಮಾಡಿದರೆ ಬಲ ಮತ್ತೆ ಬರದೇ ಇರಬಹುದು. ಜನ 'ಕರೆಂಟ್ ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆ ಅಲ್ಲಿ ತಕ್ಷಣ ಬೇಕು.

10. ನೋವಿನ ಆರೈಕೆ ಮೊದಲ ದಿನದಿಂದಲೇ

ಉಪಶಾಮಕ ಆರೈಕೆ, ಅಂದರೆ ನೋವು, ಉಬ್ಬಸ, ನಿದ್ದೆಗೇಡು, ಮನಸ್ಸಿನ ದುಗುಡಗಳನ್ನು ನೋಡಿಕೊಳ್ಳುವ ಚಿಕಿತ್ಸೆ, ಕೈಚೆಲ್ಲಿದ ಮೇಲೆ ಕೊಡುವಂಥದ್ದೆಂಬ ಭಾವನೆ ಆಳವಾಗಿದೆ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆಯ ಜೊತೆಗೆ ಈ ಆರೈಕೆಯನ್ನೂ ಆರಂಭದಿಂದ ಪಡೆದವರು ಸರಾಸರಿ 11.6 ತಿಂಗಳು, ಪಡೆಯದವರು 8.9 ತಿಂಗಳು ಬದುಕಿದ್ದರು. ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟರೆ ಚಟವಾಗುತ್ತದೆ ಎಂದು ಹೆದರಿ ಕಡಿಮೆ ಕೊಡಬೇಡಿ. ನೋವಿಗಾಗಿ ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳುವವರಲ್ಲಿ ಅದು ಬಹಳ ವಿರಳ, ಮಲಬದ್ಧತೆಗೆ ಮಾತ್ರ ಜೊತೆಗೊಂದು ಔಷಧಿ ಬೇಕು.

ಕಿಮೊ ಯಾವಾಗ ನಿಲ್ಲಿಸಬೇಕು ಎಂಬ ಮಾತನ್ನು ರೋಗಿ ಎದ್ದು ಓಡಾಡುತ್ತಿರುವಾಗಲೇ ಅವರೊಡನೆ ಆಡಿ, ಅವರ ಇಚ್ಛೆ ಏನೆಂದು ಕೇಳಿ. ಕಿಮೊ ನಿಂತ ಮೇಲೂ ನೋವಿನ ಮಾತ್ರೆ ನಿಲ್ಲುವುದಿಲ್ಲ. ಅದನ್ನು ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನಕ್ಕೊಮ್ಮೆ ಬರೆದುಕೊಡುತ್ತಾರೆ, ರೋಗಿ ಬರಲಾಗದಿದ್ದರೆ ಮನೆಯವರೇ ಬಂದು ಒಯ್ಯಬಹುದೇ ಎಂಬುದನ್ನು ಕೇಳಿಕೊಂಡು, ಔಷಧಿಗಳ ಹೆಸರಿರುವ ಆ ಚೀಟಿಯ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳಿ.